777 ಕೊಡುವ ಮುಂಚೆ: ಹೋಸ್ಟಿಂಗ್ ಸರ್ವರ್‌ನಲ್ಲಿ ಫೋಲ್ಡರ್ ಪರ್ಮಿಶನ್ ಸರಿಯಾಗಿ ಹೊಂದಿಸುವ ಸಮಗ್ರ ಮಾರ್ಗದರ್ಶಿ

ವರ್ಡ್‌ಪ್ರೆಸ್ ಸೈಟಿಗೆ ಒಂದು ಫೋಟೋ ಹಾಕಲು ಹೋಗುತ್ತೀರಿ. ಫೋಲ್ಡರ್ ಮಾಡಲು ಆಗಲಿಲ್ಲ, ಮೇಲಿನ ಫೋಲ್ಡರ್‌ನಲ್ಲಿ ಬರೆಯಲು ಸರ್ವರ್‌ಗೆ ಅನುಮತಿ ಇದೆಯಾ ನೋಡಿ ಎಂಬ ಅರ್ಥದ ಸಾಲೊಂದು ಇಂಗ್ಲಿಷಿನಲ್ಲಿ ಬರುತ್ತದೆ. ಹುಡುಕಿದರೆ ಬೇಗ ಸಿಗುವ ಉತ್ತರ ಒಂದೇ: ಫೋಲ್ಡರ್‌ಗೆ 777 ಕೊಡಿ, ಅಂದರೆ ಎಲ್ಲರಿಗೂ ಎಲ್ಲ ಹಕ್ಕು ಕೊಡಿ. ಕೊಟ್ಟರೆ ಫೋಟೋ ಹತ್ತಿಯೂ ಬಿಡುತ್ತದೆ. ಕೆಲಸ ಆಯ್ತಲ್ಲ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಈ ಸಲಹೆ ಇಷ್ಟು ವರ್ಷ ಬದುಕಿರುವುದು ಅದಕ್ಕೇ.

ಆದರೆ ಇಂಥ ಕಡೆ ಅಂಕಿ ತಪ್ಪಾಗಿರುವುದು ಕಡಿಮೆ. ಫೋಲ್ಡರ್ ಒಬ್ಬ ಬಳಕೆದಾರನ ಹೆಸರಲ್ಲಿರುತ್ತದೆ, ವರ್ಡ್‌ಪ್ರೆಸ್ ನಡೆಸುವ ಪಿಎಚ್‌ಪಿ ಎಂಬ ಪ್ರೋಗ್ರಾಂ ಇನ್ನೊಬ್ಬನ ಹೆಸರಲ್ಲಿ ಓಡುತ್ತಿರುತ್ತದೆ. ಈ ಇಬ್ಬರೂ ಯಾರು ಅಂತ ಗೊತ್ತಾದರೆ ಯಾವ ಅಂಕಿ ಕೊಡಬೇಕು ಎನ್ನುವುದು ತಾನಾಗಿಯೇ ತಿಳಿಯುತ್ತದೆ. ಹಾಗಾಗಿ ಈ ಬರಹದಲ್ಲಿ ಅಂಕಿಗಿಂತ ಓನರ್ ಬಗ್ಗೆ ಜಾಸ್ತಿ ಮಾತಿದೆ.

ಉದಾಹರಣೆಗಳೆಲ್ಲ ಲಿನಕ್ಸ್ ಹೋಸ್ಟಿಂಗ್‌ನಲ್ಲಿರುವ ವರ್ಡ್‌ಪ್ರೆಸ್ ಸೈಟಿನವು. ಕನ್ನಡದ ಬ್ಲಾಗು, ಸುದ್ದಿ ಸೈಟು, ಶಾಲೆಯ ಸೈಟುಗಳಲ್ಲಿ ಬಹಳಷ್ಟು ಇದೇ ಜೋಡಿಯ ಮೇಲೆ ನಿಂತಿವೆ. ಜೂಮ್ಲಾ, ಡ್ರುಪಲ್ ಇದ್ದರೂ ಲೆಕ್ಕ ಇದೇ, ಫೋಲ್ಡರ್ ಹೆಸರು ಮಾತ್ರ ಬೇರೆ. ಇನ್ನೊಂದು ಮಾತು: ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ.

ಮೂರು ಅಂಕಿ ಓದುವುದು ಹೇಗೆ

ಪ್ರತಿ ಫೈಲ್‌ಗೂ ಪ್ರತಿ ಫೋಲ್ಡರ್‌ಗೂ ಒಬ್ಬ ಓನರ್, ಒಂದು ಗ್ರೂಪ್ ಇರುತ್ತದೆ. ಇವರಿಬ್ಬರನ್ನು ಬಿಟ್ಟು ಸರ್ವರ್‌ನಲ್ಲಿ ಇರುವ ಉಳಿದವರೆಲ್ಲ "ಇತರರು". ಹೋಸ್ಟಿಂಗ್ ಖಾತೆ ನೋಡಿಕೊಳ್ಳುವ ಸಿಪ್ಯಾನೆಲ್ ಇವರನ್ನು ಯೂಸರ್, ಗ್ರೂಪ್, ವರ್ಲ್ಡ್ ಅಂತ ತೋರಿಸುತ್ತದೆ. ಪರ್ಮಿಶನ್‌ನ ಮೂರು ಅಂಕಿಗಳು ಇದೇ ಕ್ರಮದಲ್ಲಿವೆ.

ಒಂದೊಂದು ಅಂಕಿಯೂ ಕೂಡಿಕೆಯಿಂದ ಬರುತ್ತದೆ. ಓದಲು 4, ಬರೆಯಲು 2, ಓಡಿಸಲು 1. ಮೂರೂ ಇದ್ದರೆ 7. ಓದು ಮತ್ತು ಬರಹ ಮಾತ್ರ ಇದ್ದರೆ 6. ಓದು ಮತ್ತು ಓಡಿಸುವುದು ಇದ್ದರೆ 5. ಬರೀ ಓದು ಅಂದರೆ 4. ಈಗ 755 ಓದಿ ನೋಡಿ: ಓನರ್‌ಗೆ ಎಲ್ಲ ಹಕ್ಕು, ಗ್ರೂಪಿಗೂ ಇತರರಿಗೂ ಬರೆಯುವುದು ಬಿಟ್ಟು ಉಳಿದದ್ದು. 644 ಅಂದರೆ ಓನರ್ ಬರೆಯಬಹುದು, ಉಳಿದವರು ಓದಬಹುದು, ಅಷ್ಟೇ.

ಫೋಲ್ಡರ್ ವಿಷಯದಲ್ಲಿ ಇವುಗಳ ಅರ್ಥ ಸ್ವಲ್ಪ ಬೇರೆ. ಗೊಂದಲ ಜಾಸ್ತಿ ಆಗುವುದು ಇಲ್ಲೇ. ಫೋಲ್ಡರ್‌ಗೆ "ಓದು" ಅಂದರೆ ಒಳಗಿರುವ ಹೆಸರುಗಳ ಪಟ್ಟಿ ನೋಡುವುದು. "ಓಡಿಸು" ಅಂದರೆ ಆ ಫೋಲ್ಡರ್ ದಾಟಿ ಒಳಗೆ ಹೋಗುವುದು. ಇದಿಲ್ಲದಿದ್ದರೆ ಒಳಗಿರುವ ಫೈಲಿನ ಹೆಸರು ಗೊತ್ತಿದ್ದರೂ ತೆರೆಯಲಾಗದು. "ಬರೆ" ಅಂದರೆ ಹೊಸ ಫೈಲ್ ಮಾಡುವುದು, ಹೆಸರು ಬದಲಿಸುವುದು, ಅಳಿಸುವುದು.

ಅಳಿಸುವುದು ಅಂದೆನಲ್ಲ, ಅದನ್ನು ಗಮನಿಸಿ. ಒಂದು ಫೈಲನ್ನು ಅಳಿಸಲು ಆ ಫೈಲಿನ ಮೇಲೆ ಹಕ್ಕು ಬೇಕಿಲ್ಲ, ಅದು ಕೂತಿರುವ ಫೋಲ್ಡರ್ ಮೇಲೆ ಬೇಕು. ಫೈಲಿಗೆ 444 ಕೊಟ್ಟು ಗಟ್ಟಿ ಮಾಡಿದೆ ಅಂದುಕೊಳ್ಳುತ್ತೀರಿ. ಫೋಲ್ಡರ್ 777 ಇದ್ದರೆ ಬೇರೆಯವರು ಆ ಫೈಲನ್ನು ಅಳಿಸಿ ಅದೇ ಹೆಸರಿನ ಇನ್ನೊಂದನ್ನು ಇಡಬಹುದು. ಸರ್ವರ್‌ನಲ್ಲಿ ಎಲ್ಲರೂ ಬರೆಯಲೇಬೇಕಾದ ಜಾಗ ಒಂದಿದೆ, ಟೆಂಪ್ ಫೋಲ್ಡರ್. ಅದಕ್ಕೂ ಬರೀ 777 ಇಟ್ಟಿಲ್ಲ, 1777 ಇಟ್ಟಿದ್ದಾರೆ. ಮುಂದಿರುವ ಆ 1 ಇರುವುದರಿಂದ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಲಾಗದು.

ಶೇರ್ಡ್ ಹೋಸ್ಟಿಂಗ್ ಒಂದು ವಠಾರ. ಒಂದೇ ಸರ್ವರ್‌ನಲ್ಲಿ ನೂರಾರು ಗಿರಾಕಿಗಳ ಖಾತೆ ಇರುತ್ತದೆ, ಪರ್ಮಿಶನ್‌ನ ಕೊನೆಯ ಅಂಕಿ ಆ ಅಕ್ಕಪಕ್ಕದವರಿಗೆ ಕೊಟ್ಟ ಹಕ್ಕು. ಈಗ ಬಹಳ ಕಂಪನಿಗಳು ಕ್ಲೌಡ್‌ಲಿನಕ್ಸ್‌ನ ಕೇಜ್‌ಎಫ್‌ಎಸ್ ಥರದ ವ್ಯವಸ್ಥೆ ಹಾಕಿ ಒಂದು ಖಾತೆಗೆ ಇನ್ನೊಂದು ಕಾಣದ ಹಾಗೆ ಮಾಡಿವೆ. ನಿಮ್ಮ ಕಂಪನಿಯೂ ಹಾಕಿರಬಹುದು. ಅದನ್ನೇ ನಂಬಿ ಕೊನೆಯ ಅಂಕಿ 7 ಇಡುವುದು ಬೇಡ.

ಹೆಜ್ಜೆ 1: ಪಿಎಚ್‌ಪಿ ಯಾರ ಹೆಸರಲ್ಲಿ ಓಡುತ್ತಿದೆ, ಪತ್ತೆ ಮಾಡಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಎರಡು ಸಾಧ್ಯತೆ ಇದೆ.

ಒಂದು, ಪಿಎಚ್‌ಪಿ ನಿಮ್ಮ ಹೋಸ್ಟಿಂಗ್ ಖಾತೆಯ ಹೆಸರಲ್ಲೇ ಓಡುತ್ತದೆ. ಇಂದಿನ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಪಿಎಚ್‌ಪಿ ಓಡಿಸುವ ವಿಧಾನಗಳಲ್ಲಿ ಖಾತೆಗೊಂದು ಪಿಎಚ್‌ಪಿ-ಎಫ್‌ಪಿಎಂ, ಸುಎಕ್ಸೆಕ್, ಲೈಟ್‌ಸ್ಪೀಡ್ ಎಲ್ಲ ಈ ಗುಂಪಿನವು. ಇಲ್ಲಿ ಫೈಲಿನ ಓನರ್ ನೀವೇ, ಪಿಎಚ್‌ಪಿಯೂ ನೀವೇ. ಮೊದಲ ಅಂಕಿ 7 ಇದ್ದರೆ ಬರೆಯುವುದಕ್ಕೆ ಅಷ್ಟೇ ಸಾಕು, ಅಂದರೆ 755 ಸಾಕು. 777 ಕೊಟ್ಟು ಒಂದಿಷ್ಟೂ ಲಾಭವಿಲ್ಲ.

ಎರಡು, ಪಿಎಚ್‌ಪಿ ವೆಬ್ ಸರ್ವರ್‌ನ ಹೆಸರಲ್ಲಿ ಓಡುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಆ ಹೆಸರು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಆಲ್ಮಾಲಿನಕ್ಸ್, ರೆಡ್‌ಹ್ಯಾಟ್ ಕಡೆ ಅಪಾಚೆ. ಸಿಪ್ಯಾನೆಲ್ ಸರ್ವರ್‌ನಲ್ಲಿ ನೋಬಡಿ. ನೀವೇ ಸೆಟಪ್ ಮಾಡಿಕೊಂಡ ವಿಪಿಎಸ್‌ನಲ್ಲಿ (ನಿಮಗೊಬ್ಬರಿಗೇ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಮೊದಲಿಗೆ ಸಾಮಾನ್ಯವಾಗಿ ಈ ಸ್ಥಿತಿಯೇ ಇರುತ್ತದೆ.

ಪತ್ತೆ ಮಾಡುವ ದಾರಿ ಸುಲಭ. ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್‌ನಲ್ಲಿ ಟೂಲ್ಸ್, ಅದರೊಳಗೆ ಸೈಟ್ ಹೆಲ್ತ್, ಅಲ್ಲಿ ಇನ್ಫೋ ಟ್ಯಾಬ್ ತೆರೆಯಿರಿ. ಸರ್ವರ್ ಎಂಬ ವಿಭಾಗದಲ್ಲಿ ಪಿಎಚ್‌ಪಿ ಎಸ್‌ಎಪಿಐ ಎಂಬ ಸಾಲಿದೆ. ಅಲ್ಲಿ "ಅಪಾಚೆ2ಹ್ಯಾಂಡ್ಲರ್" ಅಂತ ಇದ್ದರೆ ಬಹುತೇಕ ಎರಡನೇ ಸ್ಥಿತಿ. "ಲೈಟ್‌ಸ್ಪೀಡ್" ಅಂತ ಶೇರ್ಡ್ ಹೋಸ್ಟಿಂಗ್‌ನಲ್ಲಿ ಕಂಡರೆ ಬಹುತೇಕ ಮೊದಲನೆಯದು. "ಎಫ್‌ಪಿಎಂ" ಇದ್ದರೆ ಎರಡೂ ಆಗಬಹುದು, ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಬೇಕು.

ಖಾತ್ರಿಗೆ, ಸರ್ವರ್‌ಗೆ ಫೈಲ್ ಕಳಿಸಲು ಬಳಸುವ ಫೈಲ್‌ಜಿಲ್ಲಾ ಪ್ರೋಗ್ರಾಂ ತೆರೆದು ಓನರ್ ಕಾಲಂ ನೋಡಿ. ಡ್ಯಾಶ್‌ಬೋರ್ಡ್‌ನಿಂದ ಹಾಕಿದ ಯಾವುದಾದರೂ ಹಳೇ ಫೋಟೋ ಮತ್ತು ನೀವೇ ಎಫ್‌ಟಿಪಿಯಲ್ಲಿ ಹಾಕಿದ ಯಾವುದಾದರೂ ಫೈಲ್, ಎರಡರ ಓನರ್ ಒಂದೇನಾ? ಒಂದೇ ಆದರೆ ಪಿಎಚ್‌ಪಿ ನೀವೇ. ಇನ್ನೊಂದು ಸುಳಿವಿದೆ. ಪ್ಲಗಿನ್ ಹಾಕಲು ಹೋದಾಗ ವರ್ಡ್‌ಪ್ರೆಸ್ ಎಫ್‌ಟಿಪಿ ಹೆಸರು, ಪಾಸ್‌ವರ್ಡ್ ಕೇಳಿದರೆ ಓನರ್ ಬೇರೆ ಇರುವ ಸಾಧ್ಯತೆ ಹೆಚ್ಚು. ಅದು ಒಂದು ತಾತ್ಕಾಲಿಕ ಫೈಲ್ ಮಾಡಿ, ಅದರ ಓನರನ್ನು ತನ್ನ ಫೈಲಿನ ಓನರ್ ಜತೆ ಹೋಲಿಸಿ ನೋಡುತ್ತದೆ. ತಾಳೆ ಆಗದಿದ್ದರೆ ಆ ಪೆಟ್ಟಿಗೆ ತೆರೆಯುತ್ತದೆ.

ಪಿಎಚ್‌ಪಿಯಲ್ಲಿ ಗೆಟ್-ಕರೆಂಟ್-ಯೂಸರ್ ಎಂಬ ಫಂಕ್ಷನ್ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ಹೇಳುವುದು ಸ್ಕ್ರಿಪ್ಟ್ ಫೈಲಿನ ಓನರ್ ಯಾರು ಅಂತ, ಸ್ಕ್ರಿಪ್ಟನ್ನು ಯಾರು ಓಡಿಸುತ್ತಿದ್ದಾರೆ ಅಂತ ಅಲ್ಲ.

ಹೆಜ್ಜೆ 2: ಬ್ಯಾಕಪ್ ತೆಗೆದು, ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ

ಬ್ಯಾಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ತೆಗೆಯಿರಿ. ಜತೆಗೆ ಮುಖ್ಯ ಫೋಲ್ಡರ್‌ಗಳ ಈಗಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೈಲ್ ಹಾಳಾದರೆ ಬ್ಯಾಕಪ್‌ನಿಂದ ಬರುತ್ತದೆ. ಹಳೇ ಪರ್ಮಿಶನ್ ಜಿಪ್ ಫೈಲ್‌ನಿಂದ ವಾಪಸ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ಸಿಪ್ಯಾನೆಲ್‌ನಲ್ಲಿ ಸೈಟಿನ ಫೈಲ್‌ಗಳಿರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್ 750 ಅಂತ ಕಂಡರೆ ಅದು ತಪ್ಪಲ್ಲ, ಬದಲಿಸಬೇಡಿ. ಅದರ ಗ್ರೂಪ್ ನೋಬಡಿ ಆಗಿರುತ್ತದೆ, ವೆಬ್ ಸರ್ವರ್ ಗ್ರೂಪಿನ ಮೂಲಕ ಓದುತ್ತದೆ, ಪಕ್ಕದ ಖಾತೆಯವರಿಗೆ ಒಳಗೆ ಬರಲಾಗದು. ಅದರ ಮೇಲಿನ ಹೋಮ್ ಫೋಲ್ಡರ್ 711 ಇರುತ್ತದೆ. ಅದನ್ನೂ ಮುಟ್ಟಬೇಡಿ. ನಮ್ಮ ಕೆಲಸ ಇವೆರಡರ ಒಳಗೆ.

ಹೆಜ್ಜೆ 3: ಫೋಲ್ಡರ್‌ಗೆ 755, ಫೈಲ್‌ಗೆ 644

ಎಲ್ಲದಕ್ಕೂ ಒಂದೇ ಅಂಕಿ ಕೊಡುವುದು ಕೂಡದು. ಎಲ್ಲದಕ್ಕೂ 644 ಕೊಟ್ಟರೆ ಫೋಲ್ಡರ್‌ಗಳ "ಒಳಗೆ ಹೋಗುವ" ಹಕ್ಕು ಹೋಗಿ ಸೈಟು ಪೂರ್ತಿ 403 (ಅನುಮತಿ ಇಲ್ಲ ಎಂಬ ಎರರ್) ತೋರಿಸುತ್ತದೆ. ಎಲ್ಲದಕ್ಕೂ 755 ಕೊಟ್ಟರೆ ಸೈಟು ಓಡುತ್ತದೆ, ಆದರೆ ಪ್ರತಿ ಫೈಲಿಗೂ ಬೇಡದ ಓಡಿಸುವ ಹಕ್ಕು ಸೇರಿಕೊಳ್ಳುತ್ತದೆ. ಪಿಎಚ್‌ಪಿ ಫೈಲ್ ಕೆಲಸ ಮಾಡಲು ಆ ಹಕ್ಕು ಬೇಕಾಗಿಯೇ ಇಲ್ಲ. ಪಿಎಚ್‌ಪಿ ಅದನ್ನು ಓದಿ ನಡೆಸುತ್ತದೆ, ಓದಲು 4 ಸಾಕು.

ಸಿಪ್ಯಾನೆಲ್‌ನಲ್ಲಿ ಮಾಡುವುದಾದರೆ ಫೈಲ್ ಮ್ಯಾನೇಜರ್ ತೆರೆಯಿರಿ. ಮೇಲೆ ಬಲಗಡೆ ಸೆಟ್ಟಿಂಗ್ಸ್ ಒತ್ತಿ, ಅಡಗಿರುವ ಫೈಲ್‌ಗಳನ್ನು ತೋರಿಸು ಎಂಬ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಚುಕ್ಕೆಯಿಂದ ಶುರುವಾಗುವ, ವೆಬ್ ಸರ್ವರ್‌ಗೆ ಸೂಚನೆಗಳಿರುವ ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಕಾಣುವುದೇ ಇಲ್ಲ. ಈಗ ಪರ್ಮಿಶನ್ಸ್ ಕಾಲಂನಲ್ಲಿ ಕಣ್ಣಾಡಿಸಿ. 777 ಅಥವಾ 666 ಎಲ್ಲಿದೆಯೋ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಪರ್ಮಿಶನ್ಸ್ ಆರಿಸಿ, ಗ್ರೂಪ್ ಮತ್ತು ವರ್ಲ್ಡ್ ಕೆಳಗಿನ ರೈಟ್ ಟಿಕ್ ತೆಗೆಯಿರಿ. ಟಿಕ್ ತೆಗೆದ ಹಾಗೆ ಕೆಳಗಿನ ಅಂಕಿ ತಾನೇ ಬದಲಾಗುತ್ತದೆ. ಒಂದೆರಡು ಫೋಲ್ಡರ್ ಇದ್ದರೆ ಇಷ್ಟೇ ಕೆಲಸ.

ನೂರಾರು ಒಳ ಫೋಲ್ಡರ್ ಇದ್ದರೆ ಫೈಲ್‌ಜಿಲ್ಲಾ ವಾಸಿ. ಸರ್ವರ್ ಕಡೆಯ ಪಟ್ಟಿಯಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲ್ ಪರ್ಮಿಶನ್ಸ್ ಆರಿಸಿ. ಮೊದಲು 755 ಬರೆಯಿರಿ, ಒಳ ಫೋಲ್ಡರ್‌ಗಳಿಗೂ ಹೋಗು ಎಂಬುದಕ್ಕೆ ಟಿಕ್ ಹಾಕಿ, ಕೆಳಗೆ "ಡೈರೆಕ್ಟರಿಗಳಿಗೆ ಮಾತ್ರ" ಎಂಬ ಆಯ್ಕೆ ಒತ್ತಿ. ಅದು ಮುಗಿದ ಮೇಲೆ ಮತ್ತೆ ಅದೇ ಪೆಟ್ಟಿಗೆ ತೆರೆದು 644, "ಫೈಲ್‌ಗಳಿಗೆ ಮಾತ್ರ". ಆ ಕೊನೆಯ ಆಯ್ಕೆ ಮರೆತರೆ ಮೇಲೆ ಹೇಳಿದ 403 ಗ್ಯಾರಂಟಿ. ಫೈಲ್‌ಜಿಲ್ಲಾ ಒಂದೊಂದೇ ಫೈಲಿಗೆ ಪ್ರತ್ಯೇಕ ಆದೇಶ ಕಳಿಸುತ್ತದೆ, ದೊಡ್ಡ ಸೈಟಾದರೆ ಹೊತ್ತು ಹಿಡಿಯುತ್ತದೆ. ನಡುವೆ ನಿಲ್ಲಿಸಬೇಡಿ.

ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ದಾರಿ) ಇದ್ದರೆ ಎರಡು ಸಾಲಿನ ಕೆಲಸ. ಮೊದಲು ವರ್ಡ್‌ಪ್ರೆಸ್ ಇರುವ ಫೋಲ್ಡರ್‌ಗೆ ಹೋಗಿ, ನೀವು ಅಲ್ಲೇ ಇದ್ದೀರಿ ಅಂತ ಪಿಡಬ್ಲ್ಯೂಡಿ ಕಮಾಂಡ್ ಕೊಟ್ಟು ನೋಡಿಕೊಳ್ಳಿ. ಯಾಕೆಂದರೆ ಕೆಳಗಿನ ಚುಕ್ಕೆಯ ಅರ್ಥ "ನಾನು ಈಗ ನಿಂತಿರುವ ಜಾಗ". ಆ ಜಾಗ 750 ಇದ್ದ ಪಬ್ಲಿಕ್ ಎಚ್‌ಟಿಎಂಎಲ್ ಆಗಿದ್ದರೆ ಅದೂ 755 ಆಗಿಬಿಡುತ್ತದೆ, ಮುಗಿದ ಮೇಲೆ ಅದೊಂದನ್ನು ಮತ್ತೆ 750 ಮಾಡಿ.

ಫೈಂಡ್ . -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 755 {} +

ಫೈಂಡ್ . -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 644 {} +

ಸಿಎಚ್‌ಮಾಡ್ ಅಂದರೆ ಸಿ, ಎಚ್, ಎಂ, ಒ, ಡಿ ಎಂಬ ಐದು ಅಕ್ಷರ. ಡಿ ಅಂದರೆ ಫೋಲ್ಡರ್, ಎಫ್ ಅಂದರೆ ಫೈಲ್. ಸರಿಯಾಯಿತಾ ನೋಡಲು ಇದೇ ಫೈಂಡ್‌ಗೆ -ಟೈಪ್ ಡಿ ಜತೆ "-ಪರ್ಮ್ -0002" ಕೊಡಿ. ಇತರರು ಬರೆಯಬಹುದಾದ ಫೋಲ್ಡರ್‌ಗಳ ಪಟ್ಟಿ ಬರುತ್ತದೆ. ಖಾಲಿ ಬಂದರೆ ಒಳ್ಳೆಯದು. -ಟೈಪ್ ಎಫ್ ಜತೆಗೂ ಒಮ್ಮೆ ನೋಡಿ. ಟೈಪ್ ಹಾಕದೆ ಹುಡುಕಿದರೆ ಸಿಮ್‌ಲಿಂಕ್‌ಗಳೂ (ಬೇರೆ ಫೈಲಿನತ್ತ ಕೈ ತೋರಿಸುವ ಹೆಸರುಗಳು) ಪಟ್ಟಿಗೆ ಬರುತ್ತವೆ. ಲಿನಕ್ಸ್‌ನಲ್ಲಿ ಸಿಮ್‌ಲಿಂಕ್ ಯಾವಾಗಲೂ 777 ಅಂತಲೇ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ.

777 ಮರಿ ಹಾಕುತ್ತದೆ

ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವರ್ಡ್‌ಪ್ರೆಸ್ ಫೋಟೋಗಳನ್ನು ಇಡುವ ಅಪ್‌ಲೋಡ್ಸ್ ಫೋಲ್ಡರ್ ಒಳಗೆ ಹೊಸ ಫೋಲ್ಡರ್ ಮಾಡುವಾಗ ಅದರ ಮೇಲಿನ ಫೋಲ್ಡರ್‌ಗೆ ಯಾವ ಪರ್ಮಿಶನ್ ಇದೆಯೋ ಅದನ್ನೇ ನಕಲು ಮಾಡುತ್ತದೆ. ಅಪ್‌ಲೋಡ್ಸ್ 777 ಇದ್ದರೆ ಅದರೊಳಗಿನ ವರ್ಷದ ಫೋಲ್ಡರ್ 777, ತಿಂಗಳ ಫೋಲ್ಡರ್ 777, ಒಳಗಿನ ಫೋಟೋಗಳು 666. ಒಂದು ದಿನ ಅವಸರಕ್ಕೆ ಕೊಟ್ಟ ಅಂಕಿ ವರ್ಷಗಟ್ಟಲೆ ಕೆಳಗಿಳಿಯುತ್ತಾ ಹೋಗುತ್ತದೆ. ಹೊಸ ಪ್ಲಗಿನ್, ಅಪ್‌ಡೇಟ್‌ಗಳಿಗೂ ಹೀಗೇ: ಸೈಟಿನ ಮೂಲ ಫೋಲ್ಡರ್‌ನ ಅಂಕಿ ನೋಡಿಯೇ ಅವುಗಳ ಫೋಲ್ಡರ್‌ಗಳ ಅಂಕಿ ತೀರ್ಮಾನ ಆಗುತ್ತದೆ. ಹಾಗಾಗಿ ಮೇಲಿನ ಒಂದು ಫೋಲ್ಡರ್ ಸರಿ ಮಾಡಿ ಸುಮ್ನೆ ಕೂತರೆ ಸಾಲದು, ಹಳೆಯ ಮರಿಗಳನ್ನೂ ಸರಿ ಮಾಡಬೇಕು.

ಇದರದ್ದೇ ಇನ್ನೊಂದು ಮುಖ: ತಿಂಗಳು ಪೂರ್ತಿ ಸರಿಯಾಗಿ ಹತ್ತುತ್ತಿದ್ದ ಫೋಟೋ ಒಂದನೇ ತಾರೀಕು ಹತ್ತುವುದಿಲ್ಲ. ಯಾರೂ ಏನೂ ಬದಲಿಸಿರುವುದಿಲ್ಲ. ಆಗುವುದು ಇಷ್ಟೇ. ಹೋದ ತಿಂಗಳ ಫೋಲ್ಡರ್‌ಗೆ ಬರೆಯುವ ಹಕ್ಕಿತ್ತು, ವರ್ಷದ ಫೋಲ್ಡರ್‌ಗೆ ಇರಲಿಲ್ಲ. ಹೊಸ ತಿಂಗಳ ಫೋಲ್ಡರ್ ಮಾಡಬೇಕಾದಾಗ ಸಿಕ್ಕಿಬಿತ್ತು. ಸರ್ವರ್ ಬದಲಾಯಿಸಿದ ಮೇಲೆ ಇದು ಮಾಮೂಲಿ.

ಹೆಜ್ಜೆ 4: ಬೇರೆ ಅಂಕಿ ಬೇಕಾದ ಫೈಲ್‌ಗಳು

ಡಬ್ಲ್ಯೂಪಿ-ಕಾನ್ಫಿಗ್ ಫೈಲ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದೆ. ಇದು 644 ಇದ್ದರೆ ಇತರರೂ ಓದಬಹುದು ಅಂತಾಯಿತು. ಪಿಎಚ್‌ಪಿ ನಿಮ್ಮ ಹೆಸರಲ್ಲೇ ಓಡುತ್ತಿದ್ದರೆ ಇದಕ್ಕೆ 600 ಕೊಡಿ. ಪಿಎಚ್‌ಪಿ ಬೇರೆಯವರ ಹೆಸರಲ್ಲಿದ್ದರೆ 600 ಕೊಟ್ಟ ಕ್ಷಣ ಸೈಟು ಬೀಳುತ್ತದೆ. ಅಲ್ಲಿ ಗ್ರೂಪನ್ನು ವೆಬ್ ಸರ್ವರ್‌ನದ್ದು ಮಾಡಿ 640 ಕೊಡಬೇಕು. ಹೆಜ್ಜೆ 3ರ ಫೈಂಡ್ ಸಾಲನ್ನು ಮುಂದೆ ಯಾವಾಗಲಾದರೂ ಮತ್ತೆ ಓಡಿಸಿದರೆ ಈ ಫೈಲ್ ತಿರುಗಿ 644 ಆಗಿರುತ್ತದೆ, ನೆನಪಿರಲಿ.

ಡಾಟ್ ಎಚ್‌ಟಿಆಕ್ಸೆಸ್ 644 ಇರಲಿ. ಪರ್ಮಾಲಿಂಕ್ (ಪುಟಗಳ ವಿಳಾಸದ ರೂಪ) ಬದಲಿಸಿದಾಗ ವರ್ಡ್‌ಪ್ರೆಸ್ ಇದರಲ್ಲಿ ಬರೆಯುತ್ತದೆ. ಕೆಲವರು 444 ಮಾಡಿಡಲು ಹೇಳುತ್ತಾರೆ. ಮಾಡಿ, ತೊಂದರೆ ಇಲ್ಲ. ಆದರೆ ಪಿಎಚ್‌ಪಿಯೇ ಓನರ್ ಆಗಿರುವ ಕಡೆ, ಒಳಗೆ ನುಗ್ಗಿದ ಕೆಟ್ಟ ಸ್ಕ್ರಿಪ್ಟ್ 444 ಅನ್ನು ಮತ್ತೆ 644 ಮಾಡಿಕೊಳ್ಳಬಲ್ಲದು. ಓನರ್‌ಗೆ ಆ ಹಕ್ಕು ಯಾವತ್ತೂ ಇರುತ್ತದೆ. ಹೆಚ್ಚೆಂದರೆ ಕೈತಪ್ಪಿ ಆಗುವ ಬದಲಾವಣೆ ತಡೆಯಬಹುದು.

ಹೆಜ್ಜೆ 5: ಬರೆಯುವ ಜಾಗದಲ್ಲಿ ಪಿಎಚ್‌ಪಿ ಓಡದಂತೆ ಮಾಡಿ

ನನ್ನನ್ನು ಕೇಳಿದರೆ ಮೇಲಿನ ಎಲ್ಲ ಹೆಜ್ಜೆಗಳಿಗಿಂತ ಇದು ಮುಖ್ಯ. ಅಂಕಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ.

2011ರ ಆಗಸ್ಟ್‌ನಲ್ಲಿ ಹೊರಬಿದ್ದ ಟಿಮ್‌ಥಂಬ್ ಪ್ರಕರಣ ನೋಡಿ. ಅದು ಫೋಟೋ ಸಣ್ಣದು ಮಾಡುವ ಒಂದು ಪುಟ್ಟ ಪಿಎಚ್‌ಪಿ ಸ್ಕ್ರಿಪ್ಟ್. ಆ ಕಾಲದ ಬಹಳಷ್ಟು ವರ್ಡ್‌ಪ್ರೆಸ್ ಥೀಮ್‌ಗಳ ಜತೆಗೇ ಬರುತ್ತಿತ್ತು. ಬೇರೆ ಸೈಟಿನಿಂದ ಫೋಟೋ ತಂದು ತನ್ನ ಕ್ಯಾಶ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಯಾವ ಸೈಟಿನಿಂದ ತರಬಹುದು ಅಂತ ಒಂದು ಪಟ್ಟಿ ಇತ್ತು ನಿಜ. ಆದರೆ ವಿಳಾಸದಲ್ಲಿ ಆ ಹೆಸರು ಎಲ್ಲೋ ಒಂದು ಕಡೆ ಇದ್ದರೆ ಸಾಕು, ಒಪ್ಪಿಕೊಳ್ಳುತ್ತಿತ್ತು. ಪಟ್ಟಿಯಲ್ಲಿದ್ದ ಹೆಸರನ್ನು ಮುಂದೆ ಸೇರಿಸಿಕೊಂಡ ಸಬ್‌ಡೊಮೈನ್ ಮಾಡಿ, ಅಲ್ಲಿಂದ ಫೋಟೋ ಬದಲು ಪಿಎಚ್‌ಪಿ ಫೈಲ್ ಕೊಟ್ಟರೆ ಅದು ಕ್ಯಾಶ್ ಫೋಲ್ಡರ್‌ಗೆ ಬಂದು ಕೂರುತ್ತಿತ್ತು. ಆ ಫೋಲ್ಡರ್ ಬ್ರೌಸರ್‌ಗೆ ತೆರೆದಿತ್ತು. ವಿಳಾಸ ಟೈಪ್ ಮಾಡಿದರೆ ಫೈಲ್ ಓಡುತ್ತಿತ್ತು.

2020ರ ಸೆಪ್ಟೆಂಬರ್‌ನಲ್ಲಿ 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿ ಇದ್ದ ಒಂದು ಫೈಲ್ ಮ್ಯಾನೇಜರ್ ಪ್ಲಗಿನ್‌ನಲ್ಲಿ ಇನ್ನೊಂದು ತೂತು ಸಿಕ್ಕಿತು. ಲಾಗಿನ್ ಆಗದೆಯೇ ಪ್ಲಗಿನ್ ಫೋಲ್ಡರ್ ಒಳಗೆ ಪಿಎಚ್‌ಪಿ ಫೈಲ್ ಹಾಕಬಹುದಾಗಿತ್ತು. ಇದಕ್ಕೆ 777 ಬೇಕಾಗಿರಲಿಲ್ಲ. ಪಿಎಚ್‌ಪಿಯೇ ಓನರ್ ಆದ ಸೈಟಿನಲ್ಲಿ 755 ಇದ್ದರೂ ಅದು ಬರೆಯುತ್ತದಲ್ವಾ? 755 ತಡೆಯುವುದು ವಠಾರದ ಅಕ್ಕಪಕ್ಕದವರನ್ನು. ನಿಮ್ಮದೇ ಸೈಟಿನ ತೂತಿನಿಂದ ಬಂದವರಿಗೆ ನಿಮ್ಮ ಹೆಸರೇ ಸಿಕ್ಕಿರುತ್ತದೆ.

ಹಾಗಾಗಿ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಫೋಟೋ, ಪಿಡಿಎಫ್ ಇರಲಿ, ಪಿಎಚ್‌ಪಿ ಓಡುವುದು ಬೇಡ. ನಿಮ್ಮ ವೆಬ್ ಸರ್ವರ್ ಅಪಾಚೆ ಅಥವಾ ಲೈಟ್‌ಸ್ಪೀಡ್ ಆಗಿದ್ದರೆ ಅಪ್‌ಲೋಡ್ಸ್ ಒಳಗೆ ಹೊಸದೊಂದು ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಮಾಡಿ. ಅದರಲ್ಲಿ ಮೂರು ಸಾಲು: ಫೈಲ್ಸ್‌ಮ್ಯಾಚ್ ಬ್ಲಾಕ್ ಶುರು (ಹೆಸರಿನ ಕೊನೆಗೆ ಡಾಟ್ ಪಿಎಚ್‌ಪಿ ಇರುವವು ಅಂತ), ಒಳಗೆ "ರಿಕ್ವೈರ್ ಆಲ್ ಡಿನೈಡ್", ಮತ್ತೆ ಬ್ಲಾಕ್ ಮುಕ್ತಾಯ. ಇದು ಅಪಾಚೆ 2.4ರ ಬರವಣಿಗೆ. ಹಳೇ ಲೇಖನಗಳಲ್ಲಿ "ಪಿಎಚ್‌ಪಿ-ಫ್ಲ್ಯಾಗ್ ಎಂಜಿನ್ ಆಫ್" ಎಂಬ ಒಂದೇ ಸಾಲು ಕಾಣುತ್ತದೆ. ಅಪಾಚೆಯಲ್ಲಾದರೆ, ಪಿಎಚ್‌ಪಿ ಅದರ ಒಳಗೇ ಓಡುವ ಕಡೆ ಮಾತ್ರ ಅದು ನಡೆಯುತ್ತದೆ. ಎಫ್‌ಪಿಎಂ ಇರುವ ಅಪಾಚೆಯಲ್ಲಿ ಹಾಕಿದರೆ ಆ ಫೋಲ್ಡರ್‌ನ ಫೋಟೋಗಳೆಲ್ಲ 500 ಎರರ್ ಕೊಡುತ್ತವೆ.

ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಡಾಟ್ ಎಚ್‌ಟಿಆಕ್ಸೆಸ್ ಓದುವುದೇ ಇಲ್ಲ. ಅಲ್ಲಿ ಸೈಟಿನ ಕಾನ್ಫಿಗ್‌ನಲ್ಲೇ ಲೊಕೇಶನ್ ಬ್ಲಾಕ್ ಹಾಕಿ, ಅಪ್‌ಲೋಡ್ಸ್ ಒಳಗಿನ ಪಿಎಚ್‌ಪಿಗೆ "ಡಿನೈ ಆಲ್" ಹೇಳಬೇಕು. ಈ ಬ್ಲಾಕ್ ಪಿಎಚ್‌ಪಿಯ ಮಾಮೂಲಿ ಬ್ಲಾಕ್‌ಗಿಂತ ಮೇಲೆ ಬರಬೇಕು. ಎರಡೂ ರೆಜೆಕ್ಸ್ (ವಿಳಾಸದ ಮಾದರಿ ಹೇಳುವ ಬರವಣಿಗೆ) ಆದಾಗ ಎನ್‌ಜಿನ್‌ಎಕ್ಸ್ ಮೊದಲು ತಾಳೆಯಾದದ್ದನ್ನೇ ಹಿಡಿಯುತ್ತದೆ. ಇದೆಲ್ಲ ರಗಳೆ ಅನ್ನಿಸಿದರೆ, ಅಪಾಚೆ ಇರುವ ಕಡೆ ವರ್ಡ್‌ಫೆನ್ಸ್ ಪ್ಲಗಿನ್‌ನಲ್ಲಿ ಅಪ್‌ಲೋಡ್ಸ್‌ನಲ್ಲಿ ಕೋಡ್ ಓಡದಂತೆ ಮಾಡುವ ಆಯ್ಕೆ ಇದೆ, ಟಿಕ್ ಹಾಕಿದರಾಯಿತು.

ನಂತರ ಪರೀಕ್ಷೆ ಮಾಡಿ. ಬರೀ "ನಮಸ್ಕಾರ" ಅಂತ ಮುದ್ರಿಸುವ ಒಂದು ಪಿಎಚ್‌ಪಿ ಫೈಲನ್ನು ಎಫ್‌ಟಿಪಿಯಲ್ಲಿ ಅಪ್‌ಲೋಡ್ಸ್‌ಗೆ ಹಾಕಿ ಬ್ರೌಸರ್‌ನಲ್ಲಿ ತೆರೆಯಿರಿ. 403 ಬಂದರೆ ಗೆದ್ದಿರಿ. ಆಮೇಲೆ ಆ ಫೈಲ್ ಅಳಿಸುವುದು ಮರೆಯಬೇಡಿ.

ವಿಪಿಎಸ್ ಇದ್ದವರಿಗೆ

ಶೇರ್ಡ್ ಹೋಸ್ಟಿಂಗ್‌ನಲ್ಲಿ ಮಾಡಲಾಗದ ಒಂದು ಕೆಲಸ ಇಲ್ಲಿ ಮಾಡಬಹುದು. ಕೋಡ್‌ನ ಓನರ್ ಒಬ್ಬರು, ಪಿಎಚ್‌ಪಿ ಓಡಿಸುವವರು ಇನ್ನೊಬ್ಬರು ಅಂತ ಬೇಕೆಂದೇ ಬೇರೆ ಇಡಬಹುದು. ಆಗ ಪ್ಲಗಿನ್‌ನಲ್ಲಿ ತೂತು ಇದ್ದರೂ ಅದು ಕೋಡ್ ಫೈಲ್‌ಗಳನ್ನು ತಿದ್ದಲಾಗದು.

ಉಬುಂಟು ಅಂತ ಇಟ್ಟುಕೊಳ್ಳಿ. ಸಿಎಚ್‌ಓನ್ ಕಮಾಂಡ್‌ನಿಂದ ಇಡೀ ಸೈಟಿಗೆ ಓನರ್ ನಿಮ್ಮ ಲಾಗಿನ್ ಹೆಸರು, ಗ್ರೂಪ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಮಾಡಿ. ಫೋಲ್ಡರ್‌ಗಳಿಗೆ 750, ಫೈಲ್‌ಗಳಿಗೆ 640. ಈಗ ಪಿಎಚ್‌ಪಿ ಗ್ರೂಪಿನ ಮೂಲಕ ಎಲ್ಲವನ್ನೂ ಓದಬಹುದು, ಎಲ್ಲೂ ಬರೆಯಲಾಗದು. ನಂತರ ಅಪ್‌ಲೋಡ್ಸ್ ಮತ್ತು ಅದರ ಒಳ ಫೋಲ್ಡರ್‌ಗಳಿಗೆ ಮಾತ್ರ 2770 ಕೊಡಿ. ಮುಂದಿನ 2 ಇದ್ದರೆ ಅದರೊಳಗೆ ಹುಟ್ಟುವ ಪ್ರತಿಯೊಂದೂ ಅದೇ ಗ್ರೂಪ್ ಹಿಡಿದುಕೊಳ್ಳುತ್ತದೆ. ನಿಮ್ಮ ಲಾಗಿನ್ ಹೆಸರನ್ನೂ ಆ ಗ್ರೂಪಿಗೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಪಿಎಚ್‌ಪಿ ಮಾಡಿದ ಫೋಲ್ಡರ್‌ಗಳನ್ನು ನೀವೇ ತೆರೆಯಲಾಗದು. ಕ್ಯಾಶ್ ಪ್ಲಗಿನ್ ಇದ್ದರೆ ಅದರ ಫೋಲ್ಡರ್‌ಗೂ ಇದೇ ಕ್ರಮ.

ಇದಕ್ಕೆ ಬೆಲೆ ಇದೆ. ಡ್ಯಾಶ್‌ಬೋರ್ಡ್‌ನಿಂದ ಒಂದು ಕ್ಲಿಕ್‌ನಲ್ಲಿ ಅಪ್‌ಡೇಟ್ ಮಾಡುವುದು ನಿಲ್ಲುತ್ತದೆ, ತಾನೇ ಆಗುವ ಅಪ್‌ಡೇಟೂ ನಿಲ್ಲುತ್ತದೆ. ಕಮಾಂಡ್ ಕೊಟ್ಟು ವರ್ಡ್‌ಪ್ರೆಸ್ ನೋಡಿಕೊಳ್ಳುವ ಡಬ್ಲ್ಯೂಪಿ-ಸಿಎಲ್‌ಐ ಬಳಸಿ ನಿಮ್ಮ ಹೆಸರಲ್ಲಿ ಅಪ್‌ಡೇಟ್ ಮಾಡಬೇಕು. ವಾರಕ್ಕೊಮ್ಮೆಯಾದರೂ ಕೂತು ಮಾಡುವವರಿಗೆ ಈ ವ್ಯವಸ್ಥೆ ಚೆನ್ನ. ಸೈಟು ಮಾಡಿ ಮರೆತುಬಿಡುವವರಾದರೆ ಬೇಡ. ಅಪ್‌ಡೇಟ್ ಇಲ್ಲದೆ ಕೊಳೆಯುವ ಸೈಟಿಗಿಂತ, ಪಿಎಚ್‌ಪಿ ಬರೆಯಬಲ್ಲ ಆದರೆ ತಾನೇ ಅಪ್‌ಡೇಟ್ ಆಗುವ ಸೈಟು ಎಷ್ಟೋ ವಾಸಿ.

ಒಂದೇ ವಿಪಿಎಸ್‌ನಲ್ಲಿ ಮೂರ್ನಾಲ್ಕು ಸೈಟು ಇದ್ದರೆ ಪ್ರತಿ ಸೈಟಿಗೂ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಬೇರೆ ಪೂಲ್, ಬೇರೆ ಹೆಸರು ಮಾಡಿ. ಎಲ್ಲ ಒಂದೇ ಹೆಸರಲ್ಲಿ ಓಡಿದರೆ ಒಂದು ಸೈಟು ಕೆಟ್ಟಾಗ ಉಳಿದವೂ ಕೆಡುತ್ತವೆ. ಆಲ್ಮಾಲಿನಕ್ಸ್, ರೆಡ್‌ಹ್ಯಾಟ್ ಇದ್ದು, ಓನರ್ ಅಂಕಿ ಎಲ್ಲ ಸರಿ ಇದ್ದರೂ ಬರೆಯಲಾಗದಿದ್ದರೆ ಎಸ್‌ಇಲಿನಕ್ಸ್ (ಅಂಕಿಗಳ ಮೇಲೆ ಇನ್ನೊಂದು ಕಾವಲು) ನೋಡಿ. ಆ ಫೋಲ್ಡರ್‌ಗೆ ವೆಬ್ ಸರ್ವರ್ ಬರೆಯಬಹುದು ಎಂಬ ಲೇಬಲ್ ಹಚ್ಚಬೇಕು. ಎಸ್‌ಇಲಿನಕ್ಸ್ ಪೂರ್ತಿ ಆಫ್ ಮಾಡುವುದು 777 ಕೊಡುವುದರ ಅಣ್ಣ.

ವಿಂಡೋಸ್ ಹೋಸ್ಟಿಂಗ್‌ನಲ್ಲಿ ಅಂಕಿಗಳಿಲ್ಲ. ಅಲ್ಲಿ ನಿಮ್ಮ ಸೈಟಿನ ಅಪ್ಲಿಕೇಶನ್ ಪೂಲ್‌ನ ಹೆಸರಿಗೆ ಅಪ್‌ಲೋಡ್ಸ್ ಮೇಲೆ ಮಾತ್ರ ಮಾಡಿಫೈ ಹಕ್ಕು ಕೊಡಿ. ಎವ್ರಿವನ್‌ಗೆ ಫುಲ್ ಕಂಟ್ರೋಲ್ ಅಂದರೆ ಅಲ್ಲಿನ 777.

ಸೈಟು ಬಿದ್ದರೆ

403 ಬಂದರೆ ಯಾವುದೋ ಫೋಲ್ಡರ್‌ನ ಓಡಿಸುವ ಹಕ್ಕು ಹೋಗಿದೆ. ಮೇಲಿನಿಂದ ಕೆಳಕ್ಕೆ ಒಂದೊಂದೇ ಫೋಲ್ಡರ್ ನೋಡುತ್ತಾ ಬನ್ನಿ, ದಾರಿಯಲ್ಲಿ ಒಂದು ಕಡೆ ತಪ್ಪಿದ್ದರೂ ಸಾಕು, ಮುಂದೆ ಹೋಗಲಾಗದು.

500 ಬಂದರೆ ತಿರುವುಮುರುವು, ಅಂದರೆ ಹಕ್ಕು ಜಾಸ್ತಿ ಆಗಿರಬಹುದು. ಸುಪಿಎಚ್‌ಪಿ, ಸುಎಕ್ಸೆಕ್ ಇರುವ ಸರ್ವರ್‌ಗಳು ಗ್ರೂಪ್ ಅಥವಾ ಇತರರು ಬರೆಯಬಹುದಾದ ಸ್ಕ್ರಿಪ್ಟನ್ನು ಓಡಿಸಲು ಒಪ್ಪುವುದಿಲ್ಲ. 777 ಕೊಟ್ಟ ತಕ್ಷಣ ಸೈಟು ಬಿತ್ತು ಅನ್ನುವವರಿಗೆ ಆಗಿರುವುದು ಸಾಮಾನ್ಯವಾಗಿ ಇದೇ. 755, 644ಕ್ಕೆ ವಾಪಸ್ ತಂದರೆ ಎದ್ದು ಕೂರುತ್ತದೆ. ಎರಡೂ ಸಲ ಎರರ್ ಲಾಗ್ ಫೈಲಿನ ಕೊನೆಯ ಸಾಲು ಓದಿ, ಯಾವ ಫೈಲ್, ಏನು ತಕರಾರು ಅಂತ ಅಲ್ಲೇ ಬರೆದಿರುತ್ತದೆ.

ಎಲ್ಲ ಸರಿಯಾದ ಮೇಲೆ ಸೈಟ್ ಹೆಲ್ತ್‌ನ ಇನ್ಫೋ ಟ್ಯಾಬ್‌ನಲ್ಲೇ ಕೆಳಗೆ ಫೈಲ್‌ಸಿಸ್ಟಮ್ ಪರ್ಮಿಶನ್ಸ್ ವಿಭಾಗ ನೋಡಿ. ಮೂಲ ಫೋಲ್ಡರ್, ಅಪ್‌ಲೋಡ್ಸ್, ಪ್ಲಗಿನ್ಸ್, ಥೀಮ್ಸ್ ಯಾವುದಕ್ಕೆ ಬರೆಯಬಹುದು ಅಂತ ಸಾಲಾಗಿ ಇದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಲ್ಲಕ್ಕೂ ಬರೆಯಬಹುದು ಅಂತ ಇರುತ್ತದೆ. ಮೇಲೆ ಹೇಳಿದ ಹಾಗೆ ವಿಪಿಎಸ್ ಕಟ್ಟಿದ್ದರೆ ಅಪ್‌ಲೋಡ್ಸ್ ಒಂದಕ್ಕೇ ಇರಬೇಕು.

ಇಷ್ಟು ದಿನ 777 ಇತ್ತು, ಈಗೇನು?

ಅಂಕಿ ಸರಿ ಮಾಡಿದರೆ ಮುಂದೆ ಬರುವವರನ್ನು ತಡೆಯಬಹುದು. ಆಗಲೇ ಬಂದು ಕೂತವರು ಇದ್ದಾರಾ ಅಂತ ಬೇರೆ ನೋಡಬೇಕು. ಅಪ್‌ಲೋಡ್ಸ್ ಒಳಗೆ ಡಾಟ್ ಪಿಎಚ್‌ಪಿ ಎಂದು ಮುಗಿಯುವ ಫೈಲ್‌ಗಳನ್ನು ಹುಡುಕಿ. "ಸೈಲೆನ್ಸ್ ಈಸ್ ಗೋಲ್ಡನ್" ಎಂಬ ಸಾಲು ಮಾತ್ರ ಇರುವ ಖಾಲಿ ಇಂಡೆಕ್ಸ್ ಫೈಲ್‌ಗಳನ್ನು ಕೆಲವು ಪ್ಲಗಿನ್‌ಗಳೇ ಇಡುತ್ತವೆ, ಅವು ಪರವಾಗಿಲ್ಲ. ಅರ್ಥವಾಗದ ಉದ್ದನೆಯ ಅಕ್ಷರದ ಸಾಲುಗಳಿರುವ ಫೈಲ್ ಕಂಡರೆ ಅನುಮಾನ ಪಡಿ.

ಎಸ್‌ಎಸ್‌ಎಚ್ ಇದ್ದರೆ ಡಬ್ಲ್ಯೂಪಿ-ಸಿಎಲ್‌ಐನಲ್ಲಿ "ಕೋರ್ ವೆರಿಫೈ-ಚೆಕ್‌ಸಮ್ಸ್" ಓಡಿಸಿ. ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳಲ್ಲಿ ಯಾವುದು ಬದಲಾಗಿದೆ, ಯಾವುದು ಹೊಸದಾಗಿ ಸೇರಿದೆ ಅಂತ ಹೇಳುತ್ತದೆ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದಾರಾ ನೋಡಿ. ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್ (ಹೇಳಿದ ಹೊತ್ತಿಗೆ ತಾನೇ ಓಡುವ ಕೆಲಸಗಳ ಪಟ್ಟಿ) ತೆರೆದು ನೀವು ಹಾಕದ ಸಾಲು ಇದೆಯಾ ನೋಡಿ. ಅಳಿಸಿದ ಫೈಲ್ ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಬಂದು ಕೂರುತ್ತಿದ್ದರೆ ಕಾರಣ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಏನಾದರೂ ಸಿಕ್ಕಿತು ಅಂದರೆ ಡಬ್ಲ್ಯೂಪಿ-ಕಾನ್ಫಿಗ್ ಅನ್ನು ಅವರು ಓದಿದ್ದಾರೆ ಅಂತಲೇ ತಿಳಿಯಿರಿ. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ, ಅದೇ ಫೈಲ್‌ನಲ್ಲಿರುವ ಸಾಲ್ಟ್ ಕೀಗಳನ್ನೂ (ಲಾಗಿನ್ ಕಾಪಾಡುವ ಗುಟ್ಟಿನ ಅಕ್ಷರಸಾಲು) ಬದಲಿಸಿ. ಕೀ ಬದಲಾದ ಕ್ಷಣ ಎಲ್ಲರೂ ಲಾಗ್‌ಔಟ್ ಆಗುತ್ತಾರೆ, ಕದ್ದು ಒಳಗಿದ್ದವರೂ ಸೇರಿ. ಎಫ್‌ಟಿಪಿ ಮತ್ತು ಸಿಪ್ಯಾನೆಲ್ ಪಾಸ್‌ವರ್ಡ್‌ಗಳನ್ನೂ ಅದೇ ಹೊತ್ತಿಗೆ ಬದಲಿಸಿ. ಕೆಟ್ಟ ಫೈಲ್ ಅಳಿಸುವ ಮುಂಚೆ ಅದರ ತಾರೀಕು, ಹೊತ್ತು ಬರೆದಿಟ್ಟುಕೊಂಡು ಆ ಹೊತ್ತಿನ ಆಕ್ಸೆಸ್ ಲಾಗ್ ತೆರೆದು ನೋಡಿ. ಯಾವ ಪ್ಲಗಿನ್‌ನ ದಾರಿಯಿಂದ ಬಂದರು ಅಂತ ಸಾಮಾನ್ಯವಾಗಿ ಆ ಸಾಲುಗಳಲ್ಲಿ ಸುಳಿವು ಸಿಗುತ್ತದೆ. ಹೋಸ್ಟಿಂಗ್ ಕಂಪನಿಗಳು ಈ ಲಾಗ್‌ಗಳನ್ನು ಬಹಳ ದಿನ ಇಡುವುದಿಲ್ಲ, ಹಾಗಾಗಿ ಇವತ್ತೇ ಇಳಿಸಿಕೊಳ್ಳಿ.